ಒಂಟಿ ಚಪ್ಪಲಿಯ ನೀರಣ್ಣ

ಎಡಗಾಲಿಗೆ ಮಾತ್ರ ಚಪ್ಪಲಿ ಮೆಟ್ಟಿ, ಬಲಗಾಲನ್ನು ಬರಿದಾಗಿಯೇ ಬಿಟ್ಟು ಬೀದಿ ಬೀದಿ ಸುತ್ತುತ್ತಿದ್ದ ಮನುಷ್ಯ ಎಂದರೆ ನಾನು ಕಂಡಂತೆ ಅವನೊಬ್ಬನೇ. ಮೊದಲ ಸಲ ನೋಡಿದವರು, ಪಾಪ, ಇನ್ನೊಂದನ್ನು ನಾಯಿ ಎತ್ತಿಕೊಂಡು ಹೋಗಿರಬೇಕು ಎಂದುಕೊಳ್ಳುತ್ತಿದ್ದರು. ಎರಡನೆಯ ಸಲ ನೋಡಿದವರು ತಲೆ ಸ್ವಲ್ಪ ಸಡಿಲವಿರಬೇಕು ಎಂದುಕೊಳ್ಳುತ್ತಿದ್ದರು. ಮೂರನೆಯ ಸಲದ ಹೊತ್ತಿಗೆ ಅವರ ಮನೆಯ ನಲ್ಲಿಯಲ್ಲಿ ನೀರು ಬಂದಿರುತ್ತಿತ್ತು, ಆಮೇಲೆ ಯಾರೂ ಏನನ್ನೂ ಅಂದುಕೊಳ್ಳುತ್ತಿರಲಿಲ್ಲ.

ಅವನು ನಮ್ಮ ಬೀದಿಗಳಿಗೆ ನೀರು ಬಿಡುವವನು. ಎಳೆಯ ಮಕ್ಕಳಿಗೂ ನೀರಣ್ಣ, ಅವನ ತಾಯಿಯ ವಯಸ್ಸಿನವಳಾದ ನನಗೂ ನೀರಣ್ಣ. ಒಮ್ಮೆ ಅವನ ಹೆಂಡತಿಯೇ ಅವಸರದಲ್ಲಿ ಹಾಗೆ ಕೂಗಿಬಿಟ್ಟು ನಾಲಿಗೆ ಕಚ್ಚಿಕೊಂಡದ್ದುಂಟು. ಹೆಗಲ ಮೇಲೆ ಆಳುದ್ದದ ಕಬ್ಬಿಣದ ಕೀಲಿ, ಬಲಗಡೆ ಮಾತ್ರ ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಕುತ್ತಿಗೆಯ ತನಕ ಗುಂಡಿ ಹಾಕಿದ ಖಾಕಿ ಅಂಗಿ. ಗಂಡಹೆಂಡಿರು ನಮ್ಮ ಮನೆಯ ಮಹಡಿಯಲ್ಲೇ ಬಾಡಿಗೆಗಿದ್ದರೂ ಅವನು ಮೇಲಿನ ಬೀದಿಗಳ ಸರದಿ ಮುಗಿಸಿಕೊಂಡು ಆಮೇಲೆ ನಮ್ಮ ಬೀದಿಗೆ ಬರುತ್ತಿದ್ದ, ಆ ಬರುವಿಕೆಯನ್ನು ನಾನು ನೋಡುವುದಕ್ಕಿಂತ ಮೊದಲು ಕೇಳುತ್ತಿದ್ದೆ. ಚಟ್ ಎಂದು ಎಡಗಾಲು; ಆಮೇಲೆ ಏನೂ ಇಲ್ಲ. ಮತ್ತೆ ಚಟ್, ಮತ್ತೆ ಏನೂ ಇಲ್ಲ. ಬೆಳಗಿನ ಮಂಪರಿನಲ್ಲಿ ಮಲಗಿದವಳಿಗೆ, ಒಂದು ಕಾಲನ್ನು ನೆಲದ ಮೇಲೂ ಇನ್ನೊಂದನ್ನು ಗಾಳಿಯ ಮೇಲೂ ಇಟ್ಟು ನಡೆಯುವವನೊಬ್ಬ ಬಂದನೆಂದೇ ತೋರುತ್ತಿತ್ತು.

ನಮ್ಮ ಬೀದಿಯ ವಾಲ್ವಿನ ಗುಂಡಿ ಇರುವುದು ನನ್ನ ಹೊಸಿಲಿನ ಎದುರಿಗೇ. ಅವನು ಅದರ ಕಬ್ಬಿಣದ ಮುಚ್ಚಳ ಎತ್ತಿ, ಕೀಲಿಯನ್ನು ಒಳಗಿಳಿಸಿ, ಅದರ ಅಡ್ಡಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಗಾಣ ಸುತ್ತಿದಂತೆ ಸುತ್ತಿ, ಮುಚ್ಚಳವನ್ನು ಮತ್ತೆ ಮುಚ್ಚಿ, ಆ ಮುಚ್ಚಳದ ಮೇಲೆ ತನ್ನ ಬರಿಯ ಬಲಪಾದವನ್ನು ಮೆಲ್ಲಗೆ ಊರಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಗ ಅವನ ಮುಖದಲ್ಲಿ ಒಂದು ಬಗೆಯ ಪ್ರಶಾಂತಿ ಮೂಡುತ್ತಿತ್ತು. ಮಲಗಿದ ಕೂಸಿನ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡುವ ತಾಯಿಯ ಮುಖದಲ್ಲಿ ಮೂಡುವಂಥದು. ನೆಲದಡಿಯ ಕೊಳವೆಯಲ್ಲಿ ಮೊದಲು ಗಾಳಿ ಓಡುತ್ತದಂತೆ, ಅದು ಅಂಗಾಲಿಗೆ ಟಕಟಕ ಎಂದು ಕುಟ್ಟುತ್ತದಂತೆ. ಆಮೇಲೆ ನೀರು, ಅದು ತೆವಳುತ್ತದಂತೆ. ಬೀದಿಯ ಏರಿನ ತುದಿಯಲ್ಲಿರುವ ಕೊನೆಮನೆಗೂ ನೀರು ಹತ್ತಿದ ಮೇಲೆ ಅದು ಒಂದೇ ಸಮನೆ ಗುಂಯ್ ಎನ್ನುತ್ತದಂತೆ. ಆ ಗುಂಯ್ ಬಂದ ಮೇಲೇ ಅವನು ವಾಲ್ವನ್ನು ಅರ್ಧ ತಿರುಗಿಸಿ ಪಕ್ಕದ ಬೀದಿಗೆ ಹೊರಡುವುದು. ಬೇಗ ಹೊರಟರೆ ಕೊನೆಮನೆಯ ಕೊಡ ಖಾಲಿ, ತಡವಾದರೆ ಪಕ್ಕದ ಬೀದಿಯವರ ಬಾಯಿ ಜೋರು. ಬೇರೆ ಬೀದಿಗಳ ನೀರಿನವರೆಲ್ಲ "ಬಂತೇನ್ರೀ?" ಎಂದು ಕೂಗಿ ಕೇಳಿ ತಿಳಿಯುವುದನ್ನು ಇವನು ಅಂಗಾಲಿನಲ್ಲಿ ತಿಳಿಯುತ್ತಿದ್ದ. ಯಾರನ್ನೂ ಕೇಳಿದವನಲ್ಲ. ತಾನೇ ಹೇಳುವವನು: "ಬಂತು, ಹೌದೋ ಅಲ್ವೋ?"

ಈ "ಹೌದೋ ಅಲ್ವೋ" ಅವನ ನಾಲಿಗೆಗೆ ಅಂಟಿದ ಮಾತು. ಬಿಸಿಲು ಜಾಸ್ತಿ, ಹೌದೋ ಅಲ್ವೋ. ನಿಮ್ಮ ಕೊಡ ಸೋರ್ತಿದೆ, ಹೌದೋ ಅಲ್ವೋ. ಉತ್ತರಕ್ಕೆಂದು ಅವನು ನಿಂತದ್ದನ್ನು ನಾನು ನೋಡಿಲ್ಲ. ಹೌದೆಂದರೂ ಅಲ್ಲವೆಂದರೂ ಅಷ್ಟು ಹೊತ್ತಿಗೆ ಅವನು ತಿರುವಿನಲ್ಲಿ ಮರೆಯಾಗಿರುತ್ತಿದ್ದ.

ಚಪ್ಪಲಿ ಮಾರುವವರು ಒಂದು ಕಾಲಿನದನ್ನು ಮಾರುವುದಿಲ್ಲವಲ್ಲ. ಎಡಗಾಲಿನದು ಸವೆದಾಗಲೆಲ್ಲ ಜೊತೆಯನ್ನೇ ತರಬೇಕು, ಬಲಗಾಲಿನದು ಹೊಚ್ಚಹೊಸದಾಗಿ ಮಹಡಿಯ ಮೆಟ್ಟಿಲ ಕೆಳಗಿನ ಗೂಡು ಸೇರಬೇಕು. ವರ್ಷ ವರ್ಷಗಳ ಬಲಗಾಲಿನ ಚಪ್ಪಲಿಗಳು ಅಲ್ಲಿ ಧೂಳು ಹೊದ್ದು ಒಂದರ ಹಿಂದೆ ಒಂದು ಕೂತಿದ್ದವು. ಹೆಂಡತಿ ಗುಡಿಸುವಾಗಲೆಲ್ಲ ಅವಕ್ಕೆ ಮಂಗಳಾರತಿ ಎತ್ತುವಳು: "ಎಡಗಾಲೊಂದೇ ಸವೆಸಿಕೊಂಡು ಬರೋ ಗಂಡ ನನ್ನ ಪಾಲಿಗೇ ಬರಬೇಕಿತ್ತಾ! ನೋಡಿ ದೊಡ್ಡಮ್ಮ, ಬಲಗಾಲು ಮಾತ್ರ ಇರೋ ಇನ್ನೊಬ್ಬ ಸಿಕ್ಕಿದ್ರೆ ಜೀವನ ಪೂರ್ತಿ ಅವನಿಗೆ ಪುಕ್ಕಟೆ." ಎಸೆಯುತ್ತೇನೆಂದು ಹೇಳುವಳು, ಎಸೆದವಳಲ್ಲ.

ಅವನು ಬಿದ್ದದ್ದು ಹೇಳಿಕೊಳ್ಳುವಂಥ ಜಾಗದಲ್ಲಲ್ಲ, ಹೇಳಿಕೊಳ್ಳುವಂಥ ರೀತಿಯಲ್ಲೂ ಅಲ್ಲ. ನನ್ನ ಹೊಸಿಲಿನ ಎದುರಿಗೇ, ಬೆಳ್ಳಂಬೆಳಗ್ಗೆ, ತಾನೇ ತೆರೆದಿಟ್ಟ ಗುಂಡಿಯೊಳಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟ. ಏರಿನ ಮೇಲಿನಿಂದ ಕೊನೆಮನೆಯವಳು ಏನೋ ಕುಚೋದ್ಯ ಮಾಡುತ್ತಿದ್ದಳು, ಇವನು ನಗುತ್ತ ತಿರುಗಿದ, ಅಷ್ಟೆ. ಬಲಗಾಲು ಕೀಲಿಗೂ ಗುಂಡಿಯ ಗೋಡೆಗೂ ನಡುವೆ ಸಿಕ್ಕಿತು, ಮೈ ಒಂದು ಕಡೆ ತಿರುಗಿತು, ಪಾದ ಇನ್ನೊಂದು ಕಡೆಗೇ ಉಳಿಯಿತು. ಒಣಗಿದ ಸೌದೆ ಮುರಿದಂಥ ಆ ಸದ್ದು ಒಳಗೆ ಹಿಟ್ಟು ನಾದುತ್ತಿದ್ದ ನನ್ನ ಕಿವಿಗೂ ಬಿತ್ತು. ಓಡಿ ಬಂದು ನೋಡಿದರೆ, ನೋವಿಗೆ ಮುಖ ಸುಣ್ಣವಾಗಿದ್ದರೂ ಅವನು ಆಡಿದ ಮೊದಲ ಮಾತು, "ಕೊನೆಮನೆಗೆ ಇನ್ನೂ ಹತ್ತಿಲ್ಲ ದೊಡ್ಡಮ್ಮ, ಯಾರೂ ವಾಲ್ವು ಮುಟ್ಟಬೇಡಿ."

ಪಾದದ ಹರಡಿನ ಎರಡೂ ಬದಿಯ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಕೊಯ್ದು, ಉಕ್ಕಿನ ಪಟ್ಟಿ ಇಟ್ಟು, ಸ್ಕ್ರೂ ಬಿಗಿದು, ಮೊಣಕಾಲಿನವರೆಗೆ ಪ್ಲಾಸ್ಟರು ಕಟ್ಟಿ, ಡಾಕ್ಟರು ಹೇಳುವವರೆಗೆ ಈ ಕಾಲು ನೆಲಕ್ಕೆ ತಾಗಕೂಡದೆಂದು ತಾಕೀತು ಮಾಡಿ ಕಳಿಸಿದರು. ಮಹಡಿ ಹತ್ತುವುದು ದೂರದ ಮಾತು. ನನ್ನ ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಂಚ ಹಾಕಿಸಿದೆ. ದಿಂಬಿನ ಮೇಲೆ ದಿಂಬು ಪೇರಿಸಿ ಅದರ ಮೇಲೆ ಕಾಲನ್ನಿಟ್ಟರು. ಹುಟ್ಟಿದಾಗಿನಿಂದ ಚಪ್ಪಲಿಯನ್ನೂ ಸಹಿಸದ ಆ ಪಾದ ಈಗ ಸುಣ್ಣದ ಗೋಡೆಯೊಳಗೆ ಕೂತು, ಬೆರಳುಗಳನ್ನು ಮಾತ್ರ ಹೊರಗಿಟ್ಟುಕೊಂಡು, ಕಿಟಕಿಯಾಚೆಯ ಮುಚ್ಚಳವನ್ನೇ ನೋಡುತ್ತಿತ್ತು.

ಇಲಾಖೆಯವರು ಬದಲಿಗೆ ಒಬ್ಬನನ್ನು ಕಳಿಸಿದರು. ಬೈಕಿನಲ್ಲಿ ಬರುವವನು, ಎರಡೂ ಕಾಲಿಗೆ ಬೂಟು ಹಾಕುವವನು, ಕೀಲಿ ಸುತ್ತಿ ಸೊಂಟದ ಮೇಲೆ ಕೈಯಿಟ್ಟು "ಬಂತೇನ್ರೀ?" ಎಂದು ಬೀದಿ ಹಾರಿಹೋಗುವಂತೆ ಕೂಗುವವನು. ಮೊದಲ ದಿನ ಆ ಕೂಗು ಕೇಳಿ ನೀರಣ್ಣ ಗೋಡೆಗೆ ಮುಖ ತಿರುಗಿಸಿದ. "ಕೇಳ್ತಾನೆ ನೋಡಿ ದೊಡ್ಡಮ್ಮ. ಬಡಿಸಿದೋನೇ ಉಂಡೋರನ್ನ ಹೊಟ್ಟೆ ತುಂಬ್ತಾ ಅಂತ ಕೇಳಿದ ಹಾಗೆ."

"ಕೇಳಿದ್ರೇನು ತಪ್ಪು? ನಾನು ದಿನಾ ಕೇಳ್ತೀನಪ್ಪ," ಅಂದೆ.

"ನೀವು ಕೇಳಬಹುದು. ನೀರಿನೋನು ಕೇಳಬಾರದು."

ನೀರಿನ ಸರದಿ ಕೆಡಲಿ, ಕೊನೆಮನೆಗೆ ಹತ್ತದಿರಲಿ, ಬೀದಿಯವರೆಲ್ಲ ಕಿಟಕಿಗೆ ಬಂದು ನೀನಿಲ್ಲದೆ ಆಗುವುದಿಲ್ಲ ಎನ್ನಲಿ ಎಂದು ಅವನ ಒಳಮನಸ್ಸು ಕಾಯುತ್ತಿತ್ತು. ಬಾಯಿ ಬಿಟ್ಟು ಹೇಳದಿದ್ದರೂ ಅವನು ಕಿವಿ ನಿಮಿರಿಸುವ ಪರಿ ನನಗೆ ತಿಳಿಯುತ್ತಿತ್ತು. ಆದರೆ ಬದಲಿಯವನು ಕೂಗಿ ಕೂಗಿಯೇ ಎಲ್ಲರ ಕೊಡ ತುಂಬಿಸಿದ. ಒಂದು ಮಧ್ಯಾಹ್ನ ನೀರಣ್ಣ ಬೆಂದ ದನಿಯಲ್ಲಿ ಹೇಳಿದ: "ನಾನಿಲ್ದೇ ಇದ್ರೂ ಬರ್ತಿದೆಯಲ್ಲ." ಅದಕ್ಕೆ ಮಾತ್ರ ಅವನು ಹೌದೋ ಅಲ್ವೋ ಸೇರಿಸಲಿಲ್ಲ.

ಪ್ಲಾಸ್ಟರು ಬಿಚ್ಚಿದ ದಿನ ಅವನ ಕಾಲನ್ನು ಅವನೇ ಗುರುತಿಸಲಿಲ್ಲ. ಮೀನಖಂಡ ಕರಗಿ ಕೋಲಾಗಿತ್ತು. ಪಾದ ಬಿಳಿಚಿ, ಸಿಪ್ಪೆ ಏಳುತ್ತ, ಹರಡಿನ ಎರಡೂ ಕಡೆ ಹೊಲಿಗೆಯ ಗೆರೆ ಹೊತ್ತು, ಯಾರದೋ ಕಾಲನ್ನು ತಂದು ಜೋಡಿಸಿದಂತಿತ್ತು. ಹೆಂಡತಿ ಎಣ್ಣೆ ಹಚ್ಚಲು ಕೂತು ಅಂಗಾಲನ್ನು ಬೆರಳಿನಿಂದ ಗೀರಿದಳು. ಕಚಗುಳಿಗೆ ಎಗರುತ್ತಿದ್ದ ಮನುಷ್ಯ ಸುಮ್ಮನೆ ಛಾವಣಿಯನ್ನು ನೋಡುತ್ತಿದ್ದ.

"ರೀ, ಗೀರ್ತಿದೀನಿ."

"ಎಲ್ಲಿ?"

ಅವಳ ಕೈ ಅಲ್ಲೇ ನಿಂತಿತು. ನಾನು ತಲೆ ತಗ್ಗಿಸಿದೆ.

ಆಸ್ಪತ್ರೆಯಿಂದ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಯನ್ನು ಅವನು ಮೇಡಮ್ಮ ಎನ್ನುತ್ತಿದ್ದ, ಮೇಡಂ ಎನ್ನಲು ಅವಳು ತೀರ ಚಿಕ್ಕವಳು, ಅಮ್ಮ ಎನ್ನಲು ತೀರ ಗಟ್ಟಿಗಿತ್ತಿ ಎಂಬ ಕಾರಣಕ್ಕೆ. ನೆಲದ ಮೇಲೆ ಹಾಸಿದ ಟವಲನ್ನು ಬೆರಳಿನಿಂದ ಮುದುರಿ ಎಳೆಯಬೇಕು. ಖಾಲಿ ಬಾಟಲಿಯನ್ನು ಅಂಗಾಲಿನ ಕೆಳಗೆ ಹಿಂದೆ ಮುಂದೆ ಉರುಳಿಸಬೇಕು. ವಾಕರು ಹಿಡಿದು ಹಿಮ್ಮಡಿಯ ಮೇಲೆ ಇಷ್ಟಿಷ್ಟೇ ಭಾರ ಹಾಕಬೇಕು. ಕೀಲಿ ಸುತ್ತಿ ಉಕ್ಕಾಗಿದ್ದ ಗಂಡಸು ಒಂದು ಟವಲಿನ ಮುಂದೆ ಬೆವರಿ ತೊಪ್ಪೆಯಾಗುತ್ತಿದ್ದ. ಮೊದಲ ಹೆಜ್ಜೆಯ ದಿನ ಅವನು ಹೆದರಿದ್ದು ನೋವಿಗಲ್ಲ, ನೆಲ ಸಿಗದಿರುವುದಕ್ಕೆ. "ಇದೆಯಾ ಕೆಳಗೆ?" ಎಂದು ಕೇಳಿದ.

"ಏನು?" ಅಂದಳು ಮೇಡಮ್ಮ.

"ನೆಲ."

ಅವಳು ನಗಲಿಲ್ಲ. ನರಕ್ಕೆ ಪೆಟ್ಟು ಬಿದ್ದಿದೆ, ನಿಧಾನವಾಗಿ ಎಚ್ಚರಾಗುತ್ತದೆ, ಪೂರ್ತಿ ಆಗದೆಯೂ ಇರಬಹುದು ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಅಲ್ಲಿಯವರೆಗೆ ಬರಿಗಾಲಿನಲ್ಲಿ ನಡೆಯಕೂಡದು, ಗಾಜು ಹೊಕ್ಕರೂ ಗೊತ್ತಾಗುವುದಿಲ್ಲ, ಬಲಗಾಲಿಗೆ ಚಪ್ಪಲಿ ಬೇಕೇ ಬೇಕು ಎಂದಳು.

ಹೆಂಡತಿ ಮೆಟ್ಟಿಲ ಕೆಳಗಿನಿಂದ ಚಪ್ಪಲಿಗಳನ್ನೆಲ್ಲ ಮಡಿಲು ತುಂಬ ತಂದು ಮಂಚದ ಮುಂದೆ ಸುರಿದಳು. "ಇಷ್ಟು ವರ್ಷ ಕಾದಿದ್ದು ಸಾರ್ಥಕ ಆಯ್ತು, ಆರಿಸಿಕೊಳ್ಳಿ ಮಹಾರಾಜ!" ನಗಿಸಲೆಂದೇ ಹೇಳಿದ್ದು. ಒಂದೊಂದನ್ನೇ ತೊಡಿಸಿ ನೋಡಿದಳು. ಊದಿದ ಪಾದಕ್ಕೆ ಒಂದೂ ಹಿಡಿಸಲಿಲ್ಲ. ಮೊದಲು ಅವನು ನಕ್ಕ, ಆಮೇಲೆ ಅವಳು ನಕ್ಕಳು, ಆಮೇಲೆ ನಗು ಯಾರ ಮುಖದ ಮೇಲೆ ಯಾವಾಗ ಮುರಿಯಿತೋ ನನಗೆ ಗೊತ್ತಾಗಲಿಲ್ಲ. ಅವಳು ಸೆರಗು ಬಾಯಿಗಿಟ್ಟುಕೊಂಡು ಚಪ್ಪಲಿಗಳನ್ನು ಮತ್ತೆ ಮಡಿಲಿಗೆ ತುಂಬುತ್ತಿದ್ದಳು.

ಆ ದಿನಗಳಲ್ಲೇ ಅವನ ಸಾಹೇಬರು ನೋಡಲು ಬಂದರು. ಒಳ್ಳೆಯ ಮನುಷ್ಯ, ಹಣ್ಣು ತಂದು, ಮಂಚದ ತುದಿಯಲ್ಲಿ ಕೂತು, ಪಂಪ್‌ಹೌಸಿನಲ್ಲಿ ಕುರ್ಚಿಯ ಕೆಲಸವಿದೆ ಎಂದರು. ಸ್ವಿಚ್ಚು ಹಾಕುವುದು, ಆರಿಸುವುದು, ನೆರಳು, ಫ್ಯಾನು. "ಬೀದಿ ಬೇಕು ಅಂದ್ರೆ ಬೇಡ ಅನ್ನಲ್ಲ. ಆದ್ರೆ ಗೊತ್ತಾಗಬೇಕಲ್ಲಪ್ಪ ನೀರು ಎಲ್ಲಿಗೆ ಹೋಯ್ತು ಅಂತ. ನಡಿಯೋಕೆ ಬಂದ ಮೇಲೆ ಒಂದು ದಿನ ನಾನೇ ಬಂದು ನಿಂತ್ಕೊಂಡು ನೋಡ್ತೀನಿ. ಆಮೇಲೆ ನಿರ್ಧಾರ ಮಾಡೋಣ." ಅವರು ಹೋದ ಮೇಲೆ ಅವನು ಕಿಟಕಿಯ ಸರಳು ಹಿಡಿದುಕೊಂಡ. "ಕುರ್ಚಿ ಮೇಲೆ ಕೂತು ಕಳಿಸಿದ್ರೆ ಯಾರ ಮನೆಗೆ ಹೋಯ್ತು ಅಂತ ಹೇಗೆ ಗೊತ್ತಾಗತ್ತೆ ದೊಡ್ಡಮ್ಮ?" ಎಂದ. ಅವನಿಗೆ ಬೇಕಾಗಿದ್ದುದು ಕೆಲಸವಲ್ಲ, ಸಂಬಳವೂ ಅಲ್ಲ; ಆ ಮುಚ್ಚಳದ ಮೇಲೆ ನಿಂತಾಗ ಕೆಳಗಿನಿಂದ ಏರಿ ಬರುತ್ತಿದ್ದ ಆ ಗುಂಯ್ ಒಂದೇ. ಅಗಲಿದವರ ದನಿಯನ್ನು ಜನ ಹಂಬಲಿಸುವುದನ್ನು ಕಂಡಿದ್ದೇನೆ. ನೆಲದೊಳಗಿನ ಒಂದು ನಡುಕಕ್ಕೆ ಹೀಗೆ ಹಂಬಲಿಸಿದವನನ್ನು ಕಂಡಿರಲಿಲ್ಲ.

ವಾಕರು ಹೋಗಿ ಕೋಲು ಬಂತು. ಸಂಜೆ ಹೊತ್ತು ಅವನು ಹೊಸಿಲ ಮೇಲೆ ಕೂತು, ಮೇಡಮ್ಮನ ಕಣ್ಣಿಲ್ಲದಾಗ ಬಲಪಾದವನ್ನು ಬೀದಿಗೆ ಚಾಚಿ ಮುಚ್ಚಳದ ಅಂಚಿಗೆ ತಾಗಿಸಿಕೊಳ್ಳುತ್ತಿದ್ದ. ಒಂದು ಸಂಜೆ ಇದ್ದಕ್ಕಿದ್ದಂತೆ ಅವನ ಬೆನ್ನು ನೆಟ್ಟಗಾಯಿತು. ಕಣ್ಣು ಮುಚ್ಚಿದ. ತುಟಿ ಅದುರಿತು. ಆಮೇಲೆ ನನ್ನ ಕೈ ಗಬಕ್ಕನೆ ಹಿಡಿದು ಇಡೀ ಬೀದಿಗೆ ಕೇಳುವಂತೆ ಕೂಗಿದ: "ಬಂತು! ನೀರು ಬಂತು! ಸಂಜೆ ಬಿಟ್ಟಿದಾರೆ, ಕೊಡ ತನ್ನಿ!"

ಅವನ ಮಾತನ್ನು ಅಲ್ಲಿಯವರೆಗೆ ಯಾರೂ ಅನುಮಾನಿಸಿದ್ದಿಲ್ಲ. ಬಾಗಿಲುಗಳು ತೆರೆದವು, ಕೊಡ ಬಕೆಟು ಪಾತ್ರೆ ಪಡಗ ಎಲ್ಲ ನಲ್ಲಿಗಳ ಕೆಳಗೆ ಸಾಲುಗೂಡಿದವು. ನಲ್ಲಿಗಳು ಉಸ್ಸೆಂದು ಒಣ ಉಸಿರು ಬಿಟ್ಟು ಸುಮ್ಮನಾದವು. ಕೊನೆಮನೆಯವಳು ಬಕೆಟ್ಟನ್ನು ಸೊಂಟಕ್ಕಿಟ್ಟುಕೊಂಡು ಏರಿನಿಂದ ಇಳಿದು ಬಂದಳು. "ಎಲ್ಲಿ ನೀರಣ್ಣ ನೀರು? ನಿನ್ನ ಹೊಟ್ಟೇಲಿ ಗುಡುಗುಟ್ಟಿದ್ದಕ್ಕೆಲ್ಲ ನಾವು ಬಕೆಟ್ ಹಿಡೀಬೇಕಾ?" ಎಲ್ಲರೂ ನಕ್ಕರು, ಕೆಡುಕಿನಿಂದಲ್ಲ, ಆದರೂ ನಕ್ಕರು. ಅವನು ಮುಚ್ಚಳದಿಂದ ಪಾದ ಎತ್ತಿದ. ಮುಖದಲ್ಲಿ ಒಂದು ದಿಗಿಲು ಹರಡಿತು. ಮುಚ್ಚಳದಿಂದ ಎತ್ತಿದ ಮೇಲೂ ಅಂಗಾಲಿನಲ್ಲಿ ನೀರು ಹರಿಯುತ್ತಲೇ ಇತ್ತು.

ಅದು ನರ ಎಚ್ಚರಾಗುವ ಜುಮ್ಮು ಎಂದು ಮರುದಿನ ಮೇಡಮ್ಮ ವಿವರಿಸಿದಳು, ಒಳ್ಳೆಯ ಸೂಚನೆ ಎಂದು ಬೆನ್ನೂ ತಟ್ಟಿದಳು. ಅವನಿಗೆ ಒಳ್ಳೆಯದೆನಿಸಲಿಲ್ಲ. "ಮುಂಚೆ ಏನೂ ಹೇಳ್ತಿರಲಿಲ್ಲ, ಈಗ ಸುಳ್ಳು ಹೇಳ್ತಿದೆ. ಮಲಗಿದ್ರೂ ಹರಿಯತ್ತೆ, ಕೂತ್ರೂ ಹರಿಯತ್ತೆ ದೊಡ್ಡಮ್ಮ, ನಿಲ್ಲೋದೇ ಇಲ್ಲ. ಇಷ್ಟು ನೀರು ಇಟ್ಕೊಂಡು ಏನು ಮಾಡಲಿ? ಒಂದು ಕೊಡ ತುಂಬಲ್ಲ." ಅಂದಿನಿಂದ ಅವನು ಹೊಸಿಲಿಗೆ ಬರುವುದನ್ನು ಬಿಟ್ಟ. ಪಂಪ್‌ಹೌಸಿಗೇ ಹೋಗುತ್ತೇನೆ ಎಂದು ಗೋಡೆಗೆ ಹೇಳಿದ.

ಹೆಂಡತಿ ಅನ್ನ ಕಲೆಸುತ್ತಿದ್ದವಳು ತಟ್ಟೆ ಕುಕ್ಕಿದಳು. "ನಿಮ್ಮ ಕಾಲು ಮಾತಾಡದೇ ಇದ್ರೆ ಏನಂತೆ? ಬೀದಿ ತುಂಬ ಜನಕ್ಕೆ ಬಾಯಿದೆಯಲ್ಲ. ಕೇಳಿ. ಬದಲಿಯವನು ಕೇಳ್ತಾನೆ, ಅವನ ಬಾಯಿ ಏನು ಸವೆದುಹೋಯ್ತಾ?"

"ಅವನು ಬೇರೆ."

"ಹೌದೌದು, ನೀವು ದೊಡ್ಡ ದೊರೆ. ನನ್ನನ್ನೇ ಯಾವತ್ತಾದ್ರೂ ಏನಾದ್ರೂ ಕೇಳಿದೀರಾ? ಹೌದೋ ಅಲ್ವೋ ಅಂತೀರಿ, ನಾನು ಬಾಯಿ ತೆಗೆಯೋದ್ರೊಳಗೆ ಮೆಟ್ಟಿಲಿಳಿದು ಹೋಗಿರ್ತೀರಿ."

ಅವನು ಅವಳನ್ನು ನೋಡಿದ, ಇಷ್ಟು ವರ್ಷ ಅವಳು ಎಲ್ಲಿದ್ದಳೆಂಬಂತೆ. ತಟ್ಟೆ ಹತ್ತಿರಕ್ಕೆಳೆದುಕೊಂಡ.

ಸಾಹೇಬರು ಹೇಳಿದ ಬೆಳಗು ಬಂತು. ಅವರು ಸ್ಕೂಟರಿಗೆ ಒರಗಿ ನಿಂತಿದ್ದರು, ಬದಲಿಯವನು ಕೀಲಿ ಹಿಡಿದು ನಿಂತಿದ್ದ. ಊತ ಇಳಿದ ಪಾದಕ್ಕೆ ಕೊನೆಗೂ ಹಿಡಿಸಿದ ಒಂದು ಹಳೆಯ ಹೊಸ ಚಪ್ಪಲಿ ಮೆಟ್ಟಿ, ಕೋಲೂರಿ ನೀರಣ್ಣ ಹೊಸಿಲು ದಾಟಿದ. ಕೀಲಿಯನ್ನು ಇಸಿದುಕೊಂಡ. "ಅಣ್ಣ, ನಾನು ಸುತ್ತಲಾ?" ಅಂದ ಬದಲಿಯವನು. "ಬೇಡಪ್ಪ." ಹಲ್ಲು ಕಚ್ಚಿ, ಅರ್ಧರ್ಧ ಹೆಜ್ಜೆಯಲ್ಲಿ, ಒಳಗಿನ ಉಕ್ಕು ಹೊರಗಿನ ಉಕ್ಕು ಎರಡನ್ನೂ ಒಟ್ಟಿಗೆ ತಿರುಗಿಸುವವನಂತೆ ಸುತ್ತಿದ. ಮುಚ್ಚಳ ಮುಚ್ಚಿ, ಬಗ್ಗಿ, ಬಲಗಾಲಿನ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ. "ರೀ..." ಎಂದ ಹೆಂಡತಿ ಅಷ್ಟಕ್ಕೇ ನಿಲ್ಲಿಸಿದಳು. ಅವನು ಪಾದವೂರಿ ಕಣ್ಣು ಮುಚ್ಚಿದ.

ನನ್ನ ಅಡುಗೆಮನೆಯ ನಲ್ಲಿ ಕೆಮ್ಮಿತು, ಆಮೇಲೆ ಮಾತಾಡಿತು. ನನಗೆ ಕೇಳಿತು, ನಾನು ಹೇಳಲಿಲ್ಲ. ಅದು ಅವನು ಹೇಳಬೇಕಾದ ಮಾತು. ಅವನ ರೆಪ್ಪೆ ನಡುಗುತ್ತಿತ್ತು. ಕಾದ ಕಾವಲಿಯ ಮೇಲಿಟ್ಟವನಂತೆ ಪಾದ ಎತ್ತಿದ, ಮತ್ತೆ ಇಟ್ಟ, ಮತ್ತೆ ಎತ್ತಿದ. ಯಾವುದು ಕೊಳವೆಯ ನೀರು, ಯಾವುದು ತನ್ನೊಳಗಿನ ನೀರು? ಪಕ್ಕದ ಬೀದಿಯ ಹೆಂಗಸರು ತಿರುವಿನಲ್ಲಿ ಇಣುಕತೊಡಗಿದರು. ಸಾಹೇಬರು ಕೈಗಡಿಯಾರ ನೋಡಿದರು.

ಅವನು ಕಣ್ಣು ತೆರೆದು ನನ್ನ ಕಡೆ ತಿರುಗಿದ. "ದೊಡ್ಡಮ್ಮ," ಅಂದ, "ಬಂತು, ಹೌದೋ ಅಲ್ವೋ?"

ಹೇಳಿ ನಿಂತ. ಆ ಮಾತು ಆಡಿದ ಮೇಲೆ ಅವನು ನಿಂತದ್ದು ಅದೇ ಮೊದಲು.

"ನನ್ನದು ಬಂತಪ್ಪ," ಎಂದೆ. "ಕೊನೆಮನೆಯವಳನ್ನ ಕೇಳು."

ಅವನು ಏರಿನ ಕಡೆ ಮುಖ ಮಾಡಿ ಬಾಯಿಗೆ ಕೈ ಅಡ್ಡವಿಟ್ಟು, ಹರೆಯಕ್ಕೆ ಬಂದ ಹುಡುಗನ ದನಿಯಂತೆ ಒಡೆದ ದನಿಯಲ್ಲಿ, "ಬಂತಾ?" ಎಂದ.

ಕೊನೆಮನೆಯವಳ ನಾಲಿಗೆ ನಮಗೆಲ್ಲ ಗೊತ್ತು. ಈಗ ಏನು ಚುಚ್ಚುತ್ತಾಳೋ ಎಂದು ನಾನು ಸೆರಗು ಬಿಗಿ ಹಿಡಿದೆ. ಅವಳು ಮೇಲಿನಿಂದ ಕೂಗಿದಳು: "ಈಗ ಕೊಡದ ತಳ ಮುಚ್ಚಿದೆ, ತಾಳು! ಸಣ್ಣಗಿದೆ... ಇನ್ನೂ ಸಣ್ಣಗಿದೆ... ಹ್ಞಾಂ, ಈಗ ಸರಿಯಾಗಿ ಬಂತು ನೀರಣ್ಣಾ! ಇನ್ನು ತಿರುಗಿಸು!" ಅವಳ ಹಿಂದೆಯೇ ಒಂದೊಂದು ಮನೆಯಿಂದಲೂ, ಕೇಳದಿದ್ದರೂ, "ನಮ್ಮದೂ ಬಂತು," "ಇಲ್ಲೂ ಬಂತು," ಎಂದು ಏರಿನಿಂದ ಇಳಿದು ಬರುತ್ತ ಆ ಮಾತು ಅವನ ಕಾಲಬುಡಕ್ಕೆ ತಲುಪಿತು. "ಬೀದೀನೇ ಇರ್ಲಿ ಇವನಿಗೆ," ಎಂದು ಸಾಹೇಬರು ಸ್ಕೂಟರು ಒದ್ದರು.

ಈಗ ಅವನು ಎರಡೂ ಕಾಲಿಗೆ ಚಪ್ಪಲಿ ಹಾಕಿಕೊಂಡು ಬರುತ್ತಾನೆ. ಚಟ್, ಚಟ್, ತುಸು ಕುಂಟು. ನಡುವಿನ ಆ ಮೌನ ಇಲ್ಲ, ಬೆಳಗಿನಲ್ಲಿ ನನ್ನ ಕಿವಿ ಅದನ್ನು ಇನ್ನೂ ಹುಡುಕುತ್ತದೆ. ಕೇಳುತ್ತಾನೆ, ಉತ್ತರಕ್ಕೆ ನಿಲ್ಲುತ್ತಾನೆ. ಮನೆಯಲ್ಲೂ ಕೇಳುತ್ತಾನೆಂದು ಹೆಂಡತಿ ದೂರುವಂತೆ ನಟಿಸುತ್ತ ಹೇಳಿಕೊಳ್ಳುತ್ತಾಳೆ. ಬೀದಿಗೆಲ್ಲ ನೀರು ಹತ್ತಿ, ಹೆಂಗಸರೆಲ್ಲ ಒಳಗೆ ಹೋದ ಮೇಲೆ ಮಾತ್ರ ಅವನು ಅತ್ತಿತ್ತ ನೋಡಿ, ಬಲಗಾಲಿನ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಮುಚ್ಚಳದ ಮೇಲೆ ಪಾದವೂರಿ ತುಸು ಹೊತ್ತು ನಿಲ್ಲುತ್ತಾನೆ. ನಾನು ಕಿಟಕಿಯಿಂದ ಸರಿಯುತ್ತೇನೆ.

ತಮ್ಮ ಕೈಯಿಂದ ಹೊರಟದ್ದು ಇನ್ನೊಬ್ಬರ ಮನೆ ಮುಟ್ಟಿತೆಂಬುದನ್ನು ತಮ್ಮ ಮೈಯಲ್ಲೇ ತಿಳಿಯಬೇಕೆಂದು ಬಯಸುವ ಒಂದು ಜಾತಿಯ ಜನ ಈ ಲೋಕದಲ್ಲಿದ್ದಾರೆ. ಅವರು ಯಾರ ಮನೆಯೊಳಗೂ ಬಂದು ಕೂರುವವರಲ್ಲ, ಕೃತಜ್ಞತೆಗೆ ಕಾಯುವವರೂ ಅಲ್ಲ. ಹೊರಗೆ ಬೀದಿಯಲ್ಲಿ ನಿಂತು ಒಳಗಿನ ತುಂಬುವಿಕೆಯನ್ನು ಅನುಭವಿಸುವುದೇ ಅವರ ಊಟ. ಒಂದು ದಿನ ಆ ಅರಿವು ಕಡಿದುಹೋದರೆ, ಮುಟ್ಟಿತು ಎಂದು ಊರೇ ಕೂಗಿ ಹೇಳಿದರೂ ಅವರಿಗದು ಇನ್ನೊಬ್ಬರ ಬಾಯಿಯ ಮಾತು. ಆ ಮಾತನ್ನು ಅವರು ನಂಬಲು ಕಲಿಯುತ್ತಾರೆ, ಅದರ ಮೇಲೆ ಭಾರ ಹಾಕಿ ನಡೆಯಲೂ ಕಲಿಯುತ್ತಾರೆ. ಆದರೆ ಎಲ್ಲರ ಕೊಡ ತುಂಬಿದ ಮೇಲೆ ಒಂದು ಗಳಿಗೆ, ಚಪ್ಪಲಿ ಕೈಯಲ್ಲಿ ಹಿಡಿದು, ನೆಲ ತಮ್ಮೊಡನೆ ಮತ್ತೆ ಮಾತಾಡೀತೇ ಎಂದು ಕಾಯದೆ ಮಾತ್ರ ಮುಂದಿನ ಬೀದಿಗೆ ಹೋಗಲಾರರು.